ವಿಯೆನ್ನಾ ಸೋತ ಶನಿವಾರ

ಮೊಮ್ಮಗಳ ಹೆಸರು ವಿರುಪಾಕ್ಷಪ್ಪನವರಿಗೆ ಗೊತ್ತಾದದ್ದು ಪಾರ್ಕಿನ ಮೂರನೇ ಸುತ್ತಿನಲ್ಲಿ. ಎರಡನೇ ಸುತ್ತಿನವರೆಗೂ ಅವರು ಸುಖವಾಗಿಯೇ ಇದ್ದರು.

ಶನಿವಾರ ಬೆಳಿಗ್ಗೆ ಏಳು ಗಂಟೆ. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಮೂರು ತಿಂಗಳ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಅಮೆರಿಕದ ಬೆರ್ರಿಯೆಸಾದಲ್ಲಿದ್ದ ತಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸನ್ನು ಮಗ ಅನಿಕೇತ ಹಿಡಿದಿಟ್ಟಿದ್ದ. ಹೋಳಿಗೆಗೆ ಹೇಳಿಯಾಗಿತ್ತು. ತೊಟ್ಟಿಲಿಗೆ ಹೂವು ಬಂದಿತ್ತು. ಹೆಸರು ಮಾತ್ರ ಗುಟ್ಟಾಗಿತ್ತು.

"ಹೆಸರು ಚೆನ್ನಾಗಿದೆ ಸಾರ್, ಯಾರೂ ಇಟ್ಟಿಲ್ಲ," ಎಂದರು ಜೊತೆಗೆ ನಡೆಯುತ್ತಿದ್ದ ದ್ವಾರಕಾನಾಥ. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಅದೇ ಅಪಾರ್ಟ್‌ಮೆಂಟಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ. ಗೊತ್ತಿಲ್ಲದಿದ್ದರೆ ಕೈಯಲ್ಲೇ ಫೋನಿದೆ.

"ಯಾವ ಹೆಸರ್ರಿ?"

"ಅಯ್ಯೋ, ನಿಮಗೇ ಹೇಳಿಲ್ವಾ? ಹಾಗಾದ್ರೆ ನಾನೂ ಹೇಳಬಾರದು ಬಿಡಿ," ಎಂದವರು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹೇಳಿಬಿಟ್ಟರು. "ವಿಯೆನ್ನಾ ಅಂತೆ."

ಸುದ್ದಿ ಬಂದ ದಾರಿ ಹೀಗಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅನಿಕೇತನಿಗೆ ಅಕ್ಕತಂಗಿಯರಿಲ್ಲ. ಆ ಜಾಗಕ್ಕೆ ಲಾಸ್ ಆಲ್ಟೋಸ್‌ನ ವೇದವತಿಯವರನ್ನು ಕರೆದಿದ್ದರು. ಕನ್ನಡದವರ ಮನೆಯ ಯಾವ ಶುಭಕಾರ್ಯವಾದರೂ ಅವರು ಮುಂದೆ ನಿಲ್ಲುವವರು. ಸೊಸೆ ಸ್ನೇಹಲ್ ಶುಕ್ರವಾರ ಸಂಜೆ ಅವರಿಗೆ ಫೋನಿನಲ್ಲಿ ಹೆಸರು ಹೇಳಿದಳು. ವೇದವತಿಯವರು ಅದನ್ನು ದ್ವಾರಕಾನಾಥರ ಹೆಂಡತಿಗೆ ಹೇಳಿದರು. ಮುಂದಿನದು ಗೊತ್ತೇ ಇದೆ.

"ಅದು ಊರಿನ ಹೆಸರಲ್ಲೇನ್ರಿ?"

"ಊರೇ. ಆಸ್ಟ್ರಿಯಾದ ರಾಜಧಾನಿ. ರೆಡ್‌ವುಡ್ ಸಿಟಿ ಆಫೀಸಿಂದ ನಿಮ್ಮ ಮಗ ಸೊಸೆ ಇಬ್ರನ್ನೂ ಆರು ತಿಂಗಳು ಅಲ್ಲಿಗೆ ಕಳಿಸಿದ್ರಲ್ಲ, ಅಲ್ಲೇ ಪರಿಚಯ ಆಗಿದ್ದಂತೆ. ಅದರ ನೆನಪಿಗೆ."

ವಿರುಪಾಕ್ಷಪ್ಪನವರು ಹತ್ತಿರದ ಬೆಂಚಿನ ಮೇಲೆ ಕೂತರು. ಗಾಳಿ ಬಿಟ್ಟ ಟೈರಿನ ಹಾಗೆ ಕೂತರು.

ಅವರ ಮನೆತನದಲ್ಲಿ ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುತ್ತದೆ. ಅವರ ಹೆಂಡತಿ ಈರವ್ವನಿಗೆ ಆ ಹೆಸರು ಅವಳ ಅಜ್ಜಿಯಿಂದ ಬಂದಿತ್ತು. ಹೆಣ್ಣು ಮಗು ಹುಟ್ಟಿದ ದಿನ ಅವರು ಮಗನಿಗೆ ಏನನ್ನೂ ಹೇಳಲಿಲ್ಲ. ಪೂರ್ವಕ್ಕೆ ಹುಟ್ಟು ಎಂದು ಸೂರ್ಯನಿಗೆ ಯಾರೂ ಹೇಳಿಕೊಡುವುದಿಲ್ಲವಲ್ಲ.

ಈರವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲಿನ ನಲವತ್ತನಾಲ್ಕು ವರ್ಷ ಅವರು ದಿನಕ್ಕೆ ಮೂವತ್ತು ಸಲ ಆ ಹೆಸರನ್ನು ಕರೆದಿದ್ದರು. ಚಷ್ಮಾ ಎಲ್ಲಿ ಎಂದು, ಚಹಾ ಆಯಿತೇ ಎಂದು, ಕೆಲವೊಮ್ಮೆ ಒಳಗೆ ಇದ್ದಾಳೋ ಇಲ್ಲವೋ ನೋಡಲು ಸುಮ್ಮನೆ. ಈಗ ಕರೆದರೆ ಓ ಎನ್ನುವವರಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಹೆಂಡತಿಯ ಹೆಸರು ಕೂಗುವ ಮುದುಕನನ್ನು ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಅದೇ ಹೆಸರಿನ ಮೊಮ್ಮಗಳಿದ್ದರೆ ದಿನವಿಡೀ ಕೂಗಬಹುದು, ಯಾರೂ ಏನೂ ಅನ್ನುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಅವರ ಬಾಯಿಂದ ಅರ್ಧಂಬರ್ಧ ಹೊರಬಿದ್ದ ಇದನ್ನು ಕೇಳಿಸಿಕೊಂಡ ದ್ವಾರಕಾನಾಥ, "ಮಗನಿಗೆ ನೇರವಾಗಿ ಹೇಳಿಬಿಡಿ ಸಾರ್," ಎಂದರು.

"ಕೇಳಿ ಇಸ್ಕೊಳ್ಳೋದಲ್ರಿ ಇದು. ಅವರಿಗೇ ಅನಿಸಬೇಕು."

"ಸರಿ, ಹಾಗಾದ್ರೆ ಅದನ್ನ ಕೇಳಬೇಡಿ. ಇದನ್ನ ಬೀಳಿಸಿ. ಕುರ್ಚಿ ಖಾಲಿಯಾದ್ರೆ ಪಕ್ಕದಲ್ಲಿ ನಿಂತಿರೋರು ತಾನೇ ಕೂತ್ಕೋತಾರೆ." ದ್ವಾರಕಾನಾಥರ ಫೋನು ಆಗಲೇ ಹೊರಗೆ ಬಂದಿತ್ತು. "ನೋಡಿ ಇಲ್ಲಿ. ಈ ಊರಿಗೆ ಒಂದು ಹೆಸರೇ ಇಲ್ಲ. ನಾವು ಇಂಗ್ಲಿಷಿನಲ್ಲಿ ವಿಯೆನ್ನಾ ಅಂತೀವಿ. ಆ ಊರಿನೋರೇ ವೀನ್ ಅಂತಾರೆ. ಫ್ರೆಂಚಿನವರು ವಿಯೆನ್. ಹಂಗೇರಿಯವರು ಏನಂತಾರೆ ಗೊತ್ತಾ? ಬೇಚ್. ಎಲ್ಲಿಯ ವಿಯೆನ್ನಾ, ಎಲ್ಲಿಯ ಬೇಚ್? ಸ್ಲೊವೇನಿಯಾದವರು ದುನಾಯ್. ಸುತ್ತಮುತ್ತಲಿನೋರು ಡ್ಯಾನ್ಯೂಬ್ ನದಿಗೆ ಇಟ್ಟಿರೋ ಹೆಸರನ್ನ ಇವರು ಊರಿಗೆ ಕೊಟ್ಟುಬಿಟ್ಟಿದ್ದಾರೆ."

"ಅರ್ಥ ಏನಂತ?"

"ಅದಕ್ಕೂ ಜಗಳ. ರೋಮನ್ನರ ಕಾಲದಲ್ಲಿ ವಿಂಡೊಬೋನಾ ಅಂತ ದಂಡಿನ ಠಾಣೆ ಇತ್ತಂತೆ, ಅದರಿಂದ ಬಂತು ಅಂತ ಕೆಲವರು. ಅಲ್ಲ, ವೆದೂನಿಯಾ ಅಂತ ಹಳೇ ಮಾತು, ಕಾಡಿನ ಹಳ್ಳ ಅಂತ ಅರ್ಥ ಅಂತ ಇನ್ನು ಕೆಲವರು. ಬೇಚ್ ಎಲ್ಲಿಂದ ಬಂತೋ ಯಾರಿಗೂ ಖಾತ್ರಿ ಇಲ್ಲ. ಬಾಯಿಗೊಂದು ಹೆಸರು ಸಾರ್. ಇಂಥ ಹೆಸರನ್ನ ಮಗೂಗೆ ಇಡ್ತಾರಾ? ನೀವು ಇಷ್ಟನ್ನೇ ಹೇಳಿ. ಈರವ್ವನವರ ಹೆಸರು ಎತ್ತಲೇಬೇಡಿ."

ವಿರುಪಾಕ್ಷಪ್ಪನವರಿಗೆ ಒಳಗೊಳಗೇ ಮುಜುಗರವಾಯಿತು. ಅವರು ಮೂವತ್ತೈದು ವರ್ಷ ಹುಬ್ಬಳ್ಳಿಯ ರೈಲ್ವೆ ಟಪಾಲು ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ಬೆಳಗಾವಿ ಎಂದು ಬರೆದರೂ, ಬೆಲ್ಗಾಮ್ ಎಂದು ಬರೆದರೂ, ಬೆಳಗಾಂವ ಎಂದು ಬರೆದರೂ ಒಂದೇ ಖಾನೆಗೆ ಎಸೆದವರು. ಊರಿಗೆ ಹತ್ತು ಹೆಸರಿದ್ದರೆ ಏನೂ ಕೆಡುವುದಿಲ್ಲ, ಕಾಗದ ಮುಟ್ಟುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಗೊತ್ತಿದ್ದವರು ಆ ಪಾರ್ಕಿನಲ್ಲಿ ಇರಲಿಲ್ಲ. ಆದರೆ ಗೆಲ್ಲಬೇಕಾದ ವಾದದ ಎದುರು ಗೊತ್ತಿದ್ದದ್ದನ್ನು ನುಂಗಿಕೊಳ್ಳುವುದು ದೊಡ್ಡ ಕಷ್ಟವಲ್ಲ. ಅವರು ನುಂಗಿಕೊಂಡರು.

"ನಾ ಹೇಳಿದ್ರ ನಂಬತಾನೇನ್ರಿ ಅಂವ? ಫೋನಿನಾಗಿಂದು ಅಂತಾನ."

"ಸಾಕ್ಷಿ ಕರ್ಕೊಂಡು ಬನ್ನಿ. ಈ ಅಪಾರ್ಟ್‌ಮೆಂಟಿನಲ್ಲಿ ಯಾವ ದೇಶದೋರಿಲ್ಲ ಹೇಳಿ."

ಮಾತು ಸರಿಯಾಗಿಯೇ ಇತ್ತು. ಎರಡನೇ ಮಹಡಿಯಲ್ಲಿ ಒಬ್ಬ ಹಂಗೇರಿಯ ಅಜ್ಜಿ ಇದ್ದಳು. ವಿರುಪಾಕ್ಷಪ್ಪನವರು ಲಿಫ್ಟಿನಲ್ಲಿ ಅವಳಿಗೆ ದಿನವೂ ಗುಡ್ ಮಾರ್ನಿಂಗ್ ಹೇಳುತ್ತಿದ್ದರು, ಸಂಜೆಯಾಗಿದ್ದರೂ ಅದನ್ನೇ. ಶಾಸ್ತ್ರಕ್ಕೆಂದು ರೇಷ್ಮೆ ಧೋತರ ಉಟ್ಟು, ಒಂಬತ್ತು ಗಂಟೆಗೆ ಅವಳ ಬಾಗಿಲು ತಟ್ಟಿ, ಬೇರೆ ಪೀಠಿಕೆ ಬಾರದೆ, "ವಿಯೆನ್ನಾ?" ಎಂದು ಕೇಳಿದರು.

"ಬೇಚ್," ಎಂದು ತಿದ್ದಿದಳು ಅಜ್ಜಿ. ಹೇಳುವಾಗಲೇ ಅವಳ ಕಣ್ಣು ಅರಳಿತು. ಇವರು ಆ ಊರಿಗೆ ಹೊರಟಿದ್ದಾರೆ ಎಂದು ಅವಳು ತಿಳಿದಳು. ಅಲ್ಲ ಎಂದು ವಿವರಿಸುವಷ್ಟು ಇಂಗ್ಲಿಷು ಇವರ ಹತ್ತಿರ ಇರಲಿಲ್ಲ, ಕೇಳುವಷ್ಟು ತಾಳ್ಮೆ ಅವಳ ಹತ್ತಿರ ಇರಲಿಲ್ಲ. ಗಸಗಸೆಯ ಸುರುಳಿ ರೊಟ್ಟಿ ಕೊಟ್ಟಳು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಅಲ್ಲಿಗೆ ಹೋಗಿದ್ದ ಫೋಟೋಗಳನ್ನು ತೋರಿಸಿದಳು, ಒಂದೂ ಬಿಡದೆ. ಕೊನೆಗೆ ಅಲಮಾರಿಯಿಂದ ಕಂಬಳಿಯಷ್ಟು ದಪ್ಪನೆಯ ಕರಿ ಕೋಟು ತೆಗೆದು ಇವರಿಗೆ ತೊಡಿಸಿ, ತಾನೇ ಗುಂಡಿ ಹಾಕಿದಳು. ಅಲ್ಲಿ ಬಹಳ ಚಳಿ, ಇದು ನನ್ನ ಗಂಡನದು, ಅವನಿಗೆ ಇನ್ನು ಚಳಿಯಾಗುವುದಿಲ್ಲ ಎಂದಳು.

ಬೇಡ ಎನ್ನಲು ವಿರುಪಾಕ್ಷಪ್ಪನವರಿಗೆ ಬಾಯಿ ಬರಲಿಲ್ಲ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಕೋಟಿನ ಒಳಗೆ ಇಡ್ಲಿಯಂತೆ ಬೇಯುತ್ತ, "ಹನ್ನೆರಡಕ್ಕ ಊಟ, ಕ್ಲಬ್‌ಹೌಸ್, ಬರ್ರಿ," ಎಂದು ಕೈಸನ್ನೆಯಲ್ಲಿ ಕರೆದು ಕೆಳಗಿಳಿದರು.

ಕಾರು ನಿಲ್ಲಿಸುವ ಜಾಗದಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು ಕೂತಿದ್ದವನು ಪೋಲೆಂಡಿನವನು. ಅವನು "ವ್ಯೆದೆನ್" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮುನ್ನೂರ ನಲವತ್ತು ವರ್ಷದ ಹಿಂದೆ ತುರ್ಕರು ಆ ಊರಿಗೆ ಮುತ್ತಿಗೆ ಹಾಕಿದಾಗ ತಮ್ಮ ರಾಜ ಕುದುರೆ ಏರಿ ಹೋಗಿ ಬಿಡಿಸಿದ್ದು, ಅದಕ್ಕೆ ಆ ಊರವರು ಇವತ್ತಿಗೂ ಸರಿಯಾಗಿ ಥ್ಯಾಂಕ್ಸ್ ಹೇಳದಿದ್ದದ್ದು, ಇದೆಲ್ಲವನ್ನೂ ಅವನು ನಿನ್ನೆ ತನ್ನ ಮನೆಯಲ್ಲೇ ಆದ ಅನ್ಯಾಯದಂತೆ ಹೇಳಿಕೊಂಡ. ಹೇಳುತ್ತ ಹೇಳುತ್ತ ಇವರ ಕೈಗೆ ಒಂದು ಚಕ್ರ ಹಿಡಿಸಿದ. ಕತೆ ಮುಗಿಯುವ ಹೊತ್ತಿಗೆ ಹನ್ನೆರಡೂಕಾಲು. ರೇಷ್ಮೆ ಧೋತರದ ಅಂಚಿನಿಂದ ಮೊಣಕಾಲಿನವರೆಗೆ ಗ್ರೀಸು.

ಕ್ಲಬ್‌ಹೌಸಿನಲ್ಲಿ ನಲವತ್ತು ಜನ ಕಾಯುತ್ತಿದ್ದರು. ಕರಿ ಕೋಟು, ಗ್ರೀಸಿನ ಧೋತರ, ಎಡಕ್ಕೆ ಹಂಗೇರಿ, ಬಲಕ್ಕೆ ಪೋಲೆಂಡು. ಹೀಗೆ ಬಂದ ತಂದೆಯನ್ನು ನೋಡಿ ಅನಿಕೇತ ಹಣೆ ಹಿಡಿದುಕೊಂಡ.

"ಅಪ್ಪಾ, ಎಲ್ಲಿ ಹೋಗಿದ್ರಿ? ಈ ಕೋಟು ಯಾರದು?"

"ಆಮ್ಯಾಲ ಹೇಳ್ತೀನಿ."

ತೊಟ್ಟಿಲಲ್ಲಿ ಮಗು ಮಲ್ಲಿಗೆ ದಂಡೆ ನೋಡುತ್ತ ಮಲಗಿತ್ತು. ವೇದವತಿಯವರು ಕಂಚಿ ಸೀರೆಯಲ್ಲಿ ಸಿದ್ಧರಾಗಿ ನಿಂತಿದ್ದರು. "ನಿಮ್ಮ ಕಡೆ ಮೊದಲು ಕಿವೀಲಿ ಕುರ್ರ್ ಅನ್ನಬೇಕಂತೆ, ನಾನು ಕಾರಿನಲ್ಲಿ ಪ್ರಾಕ್ಟೀಸು ಮಾಡ್ಕೊಂಡೇ ಬಂದೆ," ಎಂದು ಎಲ್ಲರಿಗೂ ಹೇಳುತ್ತಿದ್ದರು. ಹಾಗೆ ಅನ್ನುವಾಗ ಹಿಂದೆ ನಿಂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ ಎಂಬ ಸಂಗತಿಯನ್ನು ಬೆಂಗಳೂರಿನ ಅವರಿಗೆ ಯಾರೂ ತಿಳಿಸಿರಲಿಲ್ಲ.

ಅವರು ತೊಟ್ಟಿಲ ಕಡೆ ಬಾಗಿದರು.

"ಒಂದು ನಿಮಿಷ ತಡೀರಿ," ಎಂದರು ವಿರುಪಾಕ್ಷಪ್ಪ.

ಜೀವಮಾನದಲ್ಲಿ ಅವರು ಹತ್ತು ಜನರ ಮುಂದೆ ಮಾತಾಡಿದವರಲ್ಲ. ದ್ವಾರಕಾನಾಥ ಹಿಂದಿನಿಂದ ಕೋಟು ಜಗ್ಗಿ ಧೈರ್ಯ ಕೊಟ್ಟರು.

"ಹುಡುಗೀಗೆ ವಿಯೆನ್ನಾ ಅಂತ ಹೆಸರಿಡಾಕ ಹತ್ತೀರಂತ ಗೊತ್ತಾತು. ಭಾಳ ದೊಡ್ಡ ಊರಂತ, ಇರಲಿ. ಆದರ ಆ ಊರಿಗೆ ಒಂದು ಹೆಸರು ಅಂತ ಇಲ್ಲ." ಅಜ್ಜಿಯ ಕಡೆ ತಿರುಗಿದರು. "ಅಮ್ಮಾರ, ಹೇಳ್ರಿ. ವಿಯೆನ್ನಾ?"

"ಬೇಚ್," ಎಂದಳು ಅಜ್ಜಿ, ಶಾಲೆಯಲ್ಲಿ ಎದ್ದು ನಿಂತ ಹುಡುಗಿಯ ಹಾಗೆ.

"ವ್ಯೆದೆನ್," ಎಂದ ಸೈಕಲಿನವನು, ಮತ್ತು ರಾಜನ ಕತೆಗೆ ಬಾಯಿ ತೆರೆದ. ಯಾರೋ ಅವನ ಕೈಗೆ ಪಾನಕ ಕೊಟ್ಟರು.

ದ್ವಾರಕಾನಾಥ ಫೋನನ್ನು ಎತ್ತಿ ಹಿಡಿದರು. ಮಗಳ ಆಫೀಸಿನ ಸ್ಲೊವೇನಿಯಾದ ಹುಡುಗನೊಬ್ಬ ಅದರಲ್ಲಿ ಕಾಣಿಸಿಕೊಂಡು "ದುನಾಯ್" ಎಂದ. ಅಷ್ಟರಲ್ಲಿ ನೆಟ್‌ವರ್ಕು ಹೋಯಿತು. ಮುಂದಿನ ಹತ್ತು ನಿಮಿಷ ಅವನು ಬಾಯಿ ತೆರೆದುಕೊಂಡೇ ಸಭೆಯನ್ನು ನೋಡಿದ.

ಜನ ನಗತೊಡಗಿದರು. ವಿರುಪಾಕ್ಷಪ್ಪನವರು ನಗಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ನಾಳೆ ಈಕಿ ಡೇಕೇರಿಗೆ ಹೋಗ್ತಾಳ. ಅಲ್ಲೆ ಒಬ್ಬಾಕಿ ಹಿಂಗ ಕರೀತಾಳ, ಇನ್ನೊಬ್ಬಾಕಿ ಹಂಗ ಕರೀತಾಳ. ಕೂಸಿಗೆ ತನ್ನ ಹೆಸರು ಯಾವುದಂತ ಗೊತ್ತಾಗಬೇಕು ಹೆಂಗ? ಹೆಸರು ಅಂದ್ರ ಯಾರ ಬಾಯಾಗ ಹ್ವಾದ್ರೂ ಮುರೀಬಾರದು. ಒಮ್ಮೆ ಇಟ್ಟ ಮ್ಯಾಲ ಬದಲಾಗಬಾರದು. ಇಷ್ಟ ನನ್ನ ಮಾತು. ಮುಂದ ನಿಮ್ಮ ಇಷ್ಟ."

ಹೇಳಿ ಮುಗಿಸಿ ಅವರು ಗೋಡೆಗೆ ಒರಗಿ ನಿಂತರು. ಈರವ್ವನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಕುರ್ಚಿ ಖಾಲಿಯಾಗಿತ್ತು.

ಸ್ನೇಹಲ್ ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಇಬ್ಬರೂ ಅಡುಗೆ ಕೋಣೆಯೊಳಗೆ ಹೋದರು. ಐದು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಸ್ನೇಹಲ್‌ಳ ಕಣ್ಣು ಸ್ವಲ್ಪ ಕೆಂಪಾಗಿತ್ತು. ಸೊಸೆಯ ಮನಸ್ಸಿಗೆ ನೋವು ಮಾಡಿದೆನಲ್ಲ ಎಂದು ವಿರುಪಾಕ್ಷಪ್ಪನವರಿಗೆ ಕಸಿವಿಸಿಯಾಯಿತು. ಈರವ್ವ ಎಂದು ಕರೆಯುವಾಗ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಓ ಎನ್ನಲು ಮಗುವಿಗೆ ಇನ್ನೂ ಒಂದೂವರೆ ವರ್ಷ ಬೇಕು, ಕಾಯೋಣ ಎಂದೂ ಅಂದುಕೊಂಡರು.

ಸ್ನೇಹಲ್ ವೇದವತಿಯವರ ಕಿವಿಯಲ್ಲಿ ಏನೋ ಹೇಳಿದಳು. ವೇದವತಿಯವರು ತೊಟ್ಟಿಲಿಗೆ ಬಾಗಿ "ಕುರ್ರ್" ಎಂದದ್ದೇ ತಡ, ಹುಬ್ಬಳ್ಳಿ ಧಾರವಾಡದ ನಾಲ್ಕು ಹೆಂಗಸರು ಅವರ ಬೆನ್ನಿಗೆ ಧಬಧಬ ಗುದ್ದಿದರು. "ಯಾಕ್ರೀ ಹೊಡೀತೀರಾ, ನಾನೇನು ಮಾಡ್ದೆ," ಎನ್ನುತ್ತಲೇ ಅವರು ನೆಟ್ಟಗಾಗಿ, ಸೆರಗು ಸರಿಮಾಡಿಕೊಂಡು, ಹೆಸರು ಹೇಳಿದರು.

"ಮೀರಾ."

"ಮೀರಾ," ಎಂದಳು ಹಂಗೇರಿಯ ಅಜ್ಜಿ. "ಮೀರಾ," ಎಂದ ಸೈಕಲಿನವನು. ಒಂದು ಅಕ್ಷರವೂ ಅಲುಗಲಿಲ್ಲ. ಕ್ಲಬ್‌ಹೌಸು ಚಪ್ಪಾಳೆ ತಟ್ಟಿತು. ಯಾರೋ ಬಂದು ವಿರುಪಾಕ್ಷಪ್ಪನವರ ಕೈ ಕುಲುಕಿದರು.

ಊಟದ ಗದ್ದಲ ಶುರುವಾದ ಮೇಲೆ ಅವರು ಅಡುಗೆ ಕೋಣೆಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂತು ಕೋಟಿನ ಗುಂಡಿ ಬಿಚ್ಚತೊಡಗಿದರು. ಗುಂಡಿಗಳು ಗಟ್ಟಿಯಾಗಿದ್ದವು. ಸ್ನೇಹಲ್ ಹೋಳಿಗೆಯ ತಟ್ಟೆ ಹಿಡಿದು ಬಂದಳು. ಹಿಂದೆಯೇ ಅನಿಕೇತ ಬಂದ.

"ಮಾಮಾ, ತುಪ್ಪ ಹಾಕೀನಿ, ತಿನ್ರಿ." ಅವಳು ತಟ್ಟೆ ಇಟ್ಟು ಅಲ್ಲೇ ನಿಂತಳು. "ನಿಮಗೊಂದು ಮಾತು ಹೇಳಬೇಕಿತ್ತು. ಇವತ್ತ ನಿಮಗ ಒಂದು ಸರ್‌ಪ್ರೈಸ್ ಇಟ್ಟಿದ್ವಿ. ಅದು ಆಗಲಿಲ್ಲ."

"ಏನವ್ವ ಅದು?"

"ವಿಯೆನ್ನಾ ಎರಡನೇ ಹೆಸರು, ಅಪ್ಪಾ," ಎಂದ ಅನಿಕೇತ. "ಮೊದಲನೇದು ಈರವ್ವ. ಹುಟ್ಟಿದ ಸರ್ಟಿಫಿಕೇಟಿನಾಗ ಹಂಗ ಬರಸೀವಿ. ಮೂರು ತಿಂಗಳಿಂದ ನಿಮಗ ಗೊತ್ತಾಗದಂಗ ಇಟ್ಕೊಂಡು ಬಂದ್ವಿ. ವೇದಾ ಆಂಟಿಗೆ ಸುದ್ದಾ ಅರ್ಧ ಹೆಸರಷ್ಟ ಹೇಳಿದ್ವಿ. ಅವರು ವಿಯೆನ್ನಾ ಅಂದ ಮ್ಯಾಲ ಮೊದಲಿನ ಹೆಸರನ್ನ ನಿಮ್ಮ ಕಡಿಂದನ ಕಿವ್ಯಾಗ ಹೇಳಸೋದಿತ್ತು."

ವಿರುಪಾಕ್ಷಪ್ಪನವರ ಬೆರಳು ಗುಂಡಿಯ ಮೇಲೆಯೇ ನಿಂತಿತು.

"ಮತ್ತ ಯಾಕ ಬಿಟ್ರಿ?"

"ನೀವು ಹೇಳಿದ್ದು ಖರೇ ಅನಿಸ್ತು ಮಾಮಾ," ಎಂದಳು ಸ್ನೇಹಲ್. "ಆಸ್ಪತ್ರ್ಯಾಗ ನರ್ಸು ಎರಡು ದಿನದಾಗ ಎರಡು ನಮೂನಿ ಕರದ್ಲು. ಐರಾವಾ ಅಂದ್ಲು, ಎರ್ವಾ ಅಂದ್ಲು. ಆವಾಗ ನಾವು ನಕ್ಕಿದ್ವಿ. ಇವತ್ತ ನೀವು ಅಷ್ಟು ಮಂದಿ ಮುಂದ ನಿಂತು ಹೇಳಿದ ಮ್ಯಾಲ ನಗಾಕ ಬರಲಿಲ್ಲ. ಅತ್ತಿ ಹೆಸರು ಹಂಗ ಕಂಡಕಂಡವರ ಬಾಯಾಗ ಹರಿದು ಹೋಗೋದು ಬ್ಯಾಡ ಅನಿಸ್ತು. ಅದು ನಿಮ್ಮ ಬಾಯಾಗ ಹೆಂಗ ಇತ್ತೋ ಹಂಗ ಇರಲಿ. ಯಾರ ಬಾಯಾಗೂ ಮುರೀಲಾರದ್ದು ಯಾವುದಂತ ಹುಡುಕಿ ಇದನ್ನ ಇಟ್ವಿ."

"ಮುರುದ್ರೂ ನಡೀತಿತ್ತವ್ವ," ಎಂದರು ಅವರು ಮೆಲ್ಲಗೆ.

"ಏನಂದ್ರಿ?"

ಹೊರಗೆ ಯಾರೋ ಪಾತ್ರೆ ಬೀಳಿಸಿದರು. ವಿರುಪಾಕ್ಷಪ್ಪನವರು ತಟ್ಟೆಯನ್ನು ಬದಿಗೆ ಸರಿಸಿದರು. ಇಡೀ ಜನ್ಮದಲ್ಲಿ ಏನನ್ನೂ ಕೇಳಿ ಪಡೆಯದ ಮನುಷ್ಯ, ಇದೊಂದು ಸಲ ಕೇಳಿಯೇಬಿಡೋಣ ಎಂದು ಬಾಯಿ ತೆರೆದರು.

"ಅನಿಕೇತ, ಈಗ ಬದಲಿ ಮಾಡಾಕ ಬರಂಗಿಲ್ಲೇನು?"

"ಬರ್ತೈತಿ ಅಪ್ಪಾ, ಯಾಕ ಬರಂಗಿಲ್ಲ?" ಅನಿಕೇತ ತಂದೆಯ ಹೆಗಲ ಮೇಲೆ ಕೈಯಿಟ್ಟ. "ಕೋರ್ಟಿಗೆ ಒಂದು ಅರ್ಜಿ ಹಾಕಿದ್ರ ಆತು. ಮೀರಾ ಅಂತ ಹೊಸಾ ಸರ್ಟಿಫಿಕೇಟು ಮಾಡಸ್ತೀನಿ, ಹಳೇದು ಎಲ್ಲೂ ಉಳಿಯಂಗಿಲ್ಲ. ನೀವು ಅದರ ಕಾಳಜಿ ಬಿಡ್ರಿ."

ಅವನ ಮುಖದಲ್ಲಿ ಅಷ್ಟು ಪ್ರೀತಿಯಿತ್ತು. ತಂದೆ ಮೊದಲ ಸಲ ಬಾಯಿಬಿಟ್ಟು ಒಂದು ಮಾತು ಹೇಳಿದ್ದರು, ಅದನ್ನು ತಾನು ನಡೆಸಿಕೊಟ್ಟಿದ್ದೇನೆ ಎಂಬ ಸಂತೋಷ ಅದು. ಆ ಸಂತೋಷವನ್ನು ತೆಗೆದುಕೊಂಡು ಏನು ಮಾಡಬೇಕೆಂದು ವಿರುಪಾಕ್ಷಪ್ಪನವರಿಗೆ ತಿಳಿಯಲಿಲ್ಲ.

"ಛಲೋ ಆತು," ಎಂದರು.

ದ್ವಾರಕಾನಾಥ ಹೋಳಿಗೆ ಮೆಲ್ಲುತ್ತ ಒಳಗೆ ಬಂದು, "ಏನ್ ಸಾರ್, ಒಂದೇ ಬೆಳಿಗ್ಗೇಲಿ ಒಂದು ರಾಜಧಾನೀನೇ ಬೀಳಿಸಿಬಿಟ್ರಲ್ಲ," ಎಂದು ಬೆನ್ನು ತಟ್ಟಿದರು. ಕುರ್ಚಿಯಲ್ಲಿ ಬೇರೆ ಯಾರೋ ಕೂತದ್ದನ್ನು ಅವರು ಮರೆತೇಬಿಟ್ಟಿದ್ದರು. ವಾದ ಗೆದ್ದವರಿಗೆ ಅಷ್ಟು ಸಣ್ಣದು ನೆನಪಿರುವುದಿಲ್ಲ.

ಎಲ್ಲರೂ ಹೊರಗೆ ಹೋದರು. ವಿರುಪಾಕ್ಷಪ್ಪನವರು ಸ್ಟೂಲಿನ ಮೇಲೆಯೇ ಇದ್ದರು. ಹೋಳಿಗೆಯ ಮೇಲಿನ ತುಪ್ಪ ನಿಧಾನವಾಗಿ ಗಟ್ಟಿಯಾಗುತ್ತಿತ್ತು.

ಆ ಕಡೆಯಿಂದ ಮಗು ಅಳುವುದು ಕೇಳಿಸಿತು. ಮತ್ತೆ ಸ್ನೇಹಲ್‌ಳ ದನಿ.

"ಮಾಮಾ, ಮೀರಾ ಅಳಾಕ ಹತ್ಯಾಳ. ತುಸು ತೂಗ್ತೀರೇನ್ರಿ?"

ಯಾರು ಎಂದು ಅವರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ಹೋಗಿ ತೊಟ್ಟಿಲ ಹಗ್ಗ ಹಿಡಿದರು.